ದೇವೀರಕ್ಕ ಕೊಡಿಸಿದ ಸಾಫ್ಟ್‌ವೇರ್

ನಮ್ಮೂರಿನ ಅಂಗಡಿಗಳಲ್ಲಿ ತಕ್ಕಡಿ ಎತ್ತುವ ಮೊದಲು ಕೇಳುವ ಮಾತು ಒಂದೇ, "ಯಾರಿಗೆ?" ಬೆಲೆ, ತೂಕ, ಚೌಕಾಸಿ ಎಲ್ಲ ಆಮೇಲಿನದು. ತನಗೆ ಬೇಕಾದ್ದನ್ನು ತಾನೇ ಕೊಂಡರೆ ಇಲ್ಲಿ ಅದು ಬಾಳುವುದಿಲ್ಲ. ಚಪ್ಪಲಿಯಾದರೆ ಬೀದಿ ತಿರುಗುವಷ್ಟರಲ್ಲಿ ಉಂಗುಷ್ಠ ಕಿತ್ತು ಕೈಗೆ ಬರುತ್ತದೆ. ತೊಗರಿಬೇಳೆಯಾದರೆ ಕುಕ್ಕರ್ ಎಷ್ಟು ಕೂಗಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಬೇರೆ ಊರಿಂದ ವರ್ಗವಾಗಿ ಬಂದ ಬ್ಯಾಂಕಿನ ಮ್ಯಾನೇಜರೊಬ್ಬರು ಇದನ್ನೆಲ್ಲ ನಂಬದೆ ತಾವೇ ಹೋಗಿ ಟೇಬಲ್ ಫ್ಯಾನು ತಂದರು. ಫ್ಯಾನು ಬೇಸಿಗೆಯಿಡೀ ಗಿರಗಿರ ತಿರುಗಿತು, ಒಂದು ಎಳೆ ಗಾಳಿ ಬರಲಿಲ್ಲ. ಕೊನೆಗೆ ಅವರೂ ಪಕ್ಕದ ಮನೆಯ ಬಾಗಿಲು ತಟ್ಟಿದರು. ಹೀಗಾಗಿ ನಮ್ಮಲ್ಲಿ ಪ್ರತಿ ಮನೆಗೂ ಇನ್ನೊಂದು ಮನೆ ಇರುತ್ತದೆ. ಇವರಿಗೆ ಬೇಕಾದ್ದನ್ನು ಅವರು ತರುತ್ತಾರೆ, ಅವರಿಗೆ ಬೇಕಾದ್ದನ್ನು ಇವರು. ಹಾಗೆ ತಂದುಕೊಡುವವರನ್ನು ನಾವು 'ಕೈ' ಎನ್ನುತ್ತೇವೆ.

ಕೈ ಆದವರ ನಡುವೆ ಮುಚ್ಚುಮರೆ ಉಳಿಯುವುದಿಲ್ಲ. ಯಾರ ಮನೆಯ ಒಗ್ಗರಣೆಗೆ ಎಷ್ಟು ಎಣ್ಣೆ, ಯಾರ ಸೊಂಟ ಈ ವರ್ಷ ಎಷ್ಟು ಸುತ್ತು ದಪ್ಪವಾಯಿತು, ಯಾರು ಗುಟ್ಟಾಗಿ ತಲೆಗೆ ಬಣ್ಣ ಹಚ್ಚಿಕೊಳ್ಳುತ್ತಾರೆ, ಎಲ್ಲ ಗೊತ್ತಿರುತ್ತದೆ. ಹೆಣ್ಣು ನೋಡಲು ಬಂದವರು ಜಾತಕ ಬಿಚ್ಚುವ ಮೊದಲೇ "ನಿಮ್ಮ ಕೈ ಯಾರು?" ಎಂದು ಕೇಳುವುದುಂಟು. ಕೈಯೊಂದಿಗೆ ಮಾತು ಬಿಟ್ಟ ಮನೆ ವಾರದಲ್ಲಿ ಸೊರಗಿಹೋಗುತ್ತದೆ. ಒಬ್ಬರ ಹೆಸರು ಹೇಳಿ ತನಗಾಗಿ ಕೊಂಡವರನ್ನು ಊರು ಬಹಳ ದಿನ ಮರೆಯುವುದಿಲ್ಲ, ಏಕೆಂದರೆ ಸಾಮಾನು ಕೆಟ್ಟೇ ಕೆಡುತ್ತದೆ, ಕೆಟ್ಟಾಗ ಎಲ್ಲರಿಗೂ ತಿಳಿಯುತ್ತದೆ.

ನನ್ನ ಕೈ ದೇವೀರಕ್ಕ. ಪೇಟೆ ಬೀದಿಯಲ್ಲಿ ನನ್ನ ಸ್ಟುಡಿಯೋ, ಎದುರಿಗೆ ಅವರ ಗಿರಣಿ. ಸೋದರಮಾವ ತೀರಿಕೊಂಡು ಸ್ಟುಡಿಯೋ ನನ್ನ ಪಾಲಿಗೆ ಬಂದಾಗ ನನಗೆ ಇಪ್ಪತ್ತೆಂಟು. ಮದುವೆ ಗಿದುವೆ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ದೇವೀರಕ್ಕನಿಗೆ ಗಂಡ ತೀರಿಕೊಂಡು ಆಗಲೇ ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂದು ದಿನ ಬೀದಿ ದಾಟಿ ಬಂದು, "ವಾರಿಜಾ, ನಿಂಗೂ ಯಾರಿಲ್ಲ, ನಂಗೂ ಯಾರಿಲ್ಲ. ಏನೇನ್ ಬೇಕು ಬರ್ಕೊಡು," ಎಂದರು. ಹದಿನೆಂಟು ವರ್ಷದಿಂದ ನನ್ನ ಕ್ಯಾಮೆರಾ, ಲೈಟು, ಪೇಪರು, ತಲೆನೋವಿನ ಮುಲಾಮು ಎಲ್ಲ ಅವರೇ ಕೊಡಿಸಿದ್ದು. ಅವರ ಸೀರೆ, ಚಹಾಪುಡಿ, ಗಿರಣಿಯ ಬೆಲ್ಟು, ಬಿ.ಪಿ. ಮಾತ್ರೆ ನನ್ನ ಜವಾಬ್ದಾರಿ.

ಅವರದೊಂದು ಹಟವಿದೆ. ತಿಳಿಯದ ವಸ್ತುವನ್ನು ಕೊಡಿಸುವುದಿಲ್ಲ. "ಏನು ಎತ್ತ ಗೊತ್ತಿಲ್ದೆ ದುಡ್ಡು ಕೊಟ್ರೆ ಅದು ನಿಂಗ್ ಕೊಡಿಸಿದಂಗಲ್ಲ, ಅಂಗಡಿಯೋನಿಗೆ ಕೊಡಿಸಿದಂಗೆ," ಎನ್ನುತ್ತಾರೆ. ಕ್ಯಾಮೆರಾ ಕೊಳ್ಳುವಾಗ ಅಂಗಡಿಯವನಿಂದ ಲೆನ್ಸು ಬಿಚ್ಚಿಸಿ, ಒಳಗಿನ ಕಿಂಡಿ ಹಿಗ್ಗುವುದು ಕುಗ್ಗುವುದು ನೋಡಿ, "ಗೊತ್ತಾಯ್ತು ಬಿಡು, ನಮ್ ಗಿರಣಿ ಬಾಯಿಗೂ ಹಿಂಗೇ ಒಂದು ತಗಡಿದೆ," ಎಂದಮೇಲೇ ಪರ್ಸು ತೆರೆದರು.

ಕಳೆದ ವರ್ಷ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ನನ್ನ ಕಂಪ್ಯೂಟರು ನಿಂತುಹೋಯಿತು. ರಿಪೇರಿ ಮಾಡುವ ಇಮ್ತಿಯಾಜ್ ಬಂದು, ಒಳಗೆಲ್ಲ ನೋಡಿ, "ಇದರ ಕಥೆ ಮುಗೀತು ಮೇಡಂ," ಎಂದ. ದೇವೀರಕ್ಕ ಹೊಸದು ಕೊಡಿಸಿದರು. ಆದರೆ ನಾನು ಹನ್ನೊಂದು ವರ್ಷದಿಂದ ಫೋಟೋ ತಿದ್ದುತ್ತಿದ್ದ ಸಾಫ್ಟ್‌ವೇರು ಡಿಸ್ಕಿನಲ್ಲಿ ಬಂದದ್ದು. ಹೊಸ ಕಂಪ್ಯೂಟರಿನಲ್ಲಿ ಡಿಸ್ಕು ಹಾಕಲು ಜಾಗವೇ ಇರಲಿಲ್ಲ, ಇಮ್ತಿಯಾಜ್ ತನ್ನ ಡ್ರೈವ್ ಜೋಡಿಸಿ ಹಾಕಿದರೂ ಅದು ಓಡಲಿಲ್ಲ. ಮದುವೆಯ ಕಾಲ ಹತ್ತಿರವಿತ್ತು. ತಿದ್ದದೆ ಫೋಟೋ ಕೊಡುವ ಹಾಗಿಲ್ಲ.

ಇಮ್ತಿಯಾಜ್ ಜೇಬಿನಿಂದ ಪೆನ್‌ಡ್ರೈವ್ ತೆಗೆದ. "ಇದ್ರಲ್ಲಿ ಎಲ್ಲಾ ಇದೆ. ಕಾಪಿ. ಕೊಂಡಿದ್ದಲ್ವಲ್ಲ, ಹಂಗಾಗಿ ಕೈನೂ ಬೇಡ, ಕಾಲೂ ಬೇಡ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಯಾರೋ ಕೂತು ಬೆವರು ಸುರಿಸಿ ಮಾಡಿದ್ದನ್ನು ಹೀಗೆ ಎತ್ತಿಕೊಳ್ಳಲು ಮನಸ್ಸು ಒಪ್ಪಲಿಲ್ಲ. "ಯಾರಿಗೆ ಅಂತ ಕೇಳೋರೇ ಇಲ್ಲದ ಸಾಮಾನು ನನಗೆ ಬೇಡಪ್ಪ," ಎಂದೆ. ಅವನು ನಕ್ಕು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡ. ಹಾಗಾದರೆ ದಾರಿ ಎರಡೇ ಎಂದ. ಒಂದು ದೊಡ್ಡ ಕಂಪನಿಯದು, ತಿಂಗಳು ತಿಂಗಳು ಬಾಡಿಗೆ. ಹಿನ್ನೆಲೆ ಬದಲಿಸುತ್ತದೆ, ಅಂಗಿಯ ಮೇಲೆ ಕೋಟು ತೊಡಿಸುತ್ತದೆ, ಫೋಟೋದಲ್ಲಿ ಇಲ್ಲದ್ದನ್ನೂ ತಾನೇ ಊಹಿಸಿ ತುಂಬುತ್ತದೆ. ಬಸ್‌ಸ್ಟ್ಯಾಂಡಿನ ಚಂದ್ರಪ್ರಭ ಸ್ಟುಡಿಯೋದ ಪದ್ಮರಾಜ ಬಳಸುವುದು ಅದನ್ನೇ. ಇನ್ನೊಂದು ಸಣ್ಣ ಕಂಪನಿಯದು, ಒಂದೇ ಸಲ ಕೊಂಡರೆ ಮುಗಿಯಿತು. ಬಣ್ಣ ಸರಿಮಾಡುತ್ತದೆ, ಕಲೆ ತೆಗೆಯುತ್ತದೆ, ಹರಿದದ್ದನ್ನು ಕೂಡಿಸುತ್ತದೆ, ಇಲ್ಲದ್ದನ್ನು ತರುವುದಿಲ್ಲ. ಎರಡನ್ನೂ ಕೆಲವು ದಿನ ಬಿಟ್ಟಿಯಾಗಿ ಬಳಸಿ ನೋಡಬಹುದಿತ್ತು. ಬಿಟ್ಟಿ ಬಂದದ್ದು ಕೊಂಡದ್ದಲ್ಲ, ನಮ್ಮೂರಿನ ಕಟ್ಟು ಅದನ್ನು ಮುಟ್ಟುವುದಿಲ್ಲ. ಎರಡನ್ನೂ ಹಾಕಿಸಿಕೊಂಡೆ.

ಮಧ್ಯಾಹ್ನ ತ್ರೀ ಫೇಸ್ ಕರೆಂಟು ಹೋದಮೇಲೆ ಗಿರಣಿ ನಿಲ್ಲುತ್ತದೆ. ದೇವೀರಕ್ಕ ಬಾಗಿಲು ಎಳೆದುಕೊಂಡು, ಕನ್ನಡಕ ಒರೆಸುತ್ತ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂರತೊಡಗಿದರು. ಲೇಯರ್ ಎಂದರೆ ಏನೆಂದು ಹೇಳಿದೆ, ಒಂದರ ಮೇಲೊಂದು ಗಾಜಿನ ಹಾಳೆ ಇಟ್ಟ ಹಾಗೆ, ಮೇಲಿನದನ್ನು ಕೆಡಿಸಿದರೂ ಕೆಳಗಿನದು ಹಾಗೇ ಇರುತ್ತದೆ ಎಂದು. "ಅಂದ್ರೆ ತಪ್ಪು ಮಾಡಿದ್ರೆ ವಾಪಸ್ ಬರ್ಬೋದು," ಎಂದರು. ಹೌದೆಂದೆ. "ನಮ್ಮಲ್ಲಿ ಒಂದ್ಸಲ ಬೀಸಿದ್ರೆ ಮುಗೀತಪ್ಪ," ಎಂದು ನಿಟ್ಟುಸಿರಿಟ್ಟರು.

ನಾನಂತೂ ಎರಡರ ನಡುವೆ ತೂಗಾಡುತ್ತಿದ್ದೆ. ಬಾಡಿಗೆಯದಕ್ಕೆ ದೇವೀರಕ್ಕ ಪ್ರತಿ ತಿಂಗಳೂ ಬಂದು ನನ್ನ ಹೆಸರು ಹೇಳಿ ಬಟನ್ ಒತ್ತಬೇಕು. ಇದನ್ನು ಹೇಳಿದಾಗ ಅವರು ನೇರವಾಗಿ ಕೇಳಿದರು, "ನಾನು ಸತ್ತ ತಿಂಗಳು ಏನ್ ಮಾಡ್ತೀಯ?"

"ಬಿಡ್ತು ಅನ್ನಿ."

"ಬಿಡ್ತು. ಆದ್ರೂ ಅರ್ವತ್ನಾಲ್ಕಾಯ್ತು ಕಣೆ ನಂಗೆ."

ಆದರೆ ಬರುವ ಗಿರಾಕಿಗಳಿಗೆ ಬೇಕಾದದ್ದು ಅದೇ ಆಗಿತ್ತು. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರಿಗೆ ಕೋಟು ಬೇಕು, ಮದುವೆಯವರಿಗೆ ಹಿಂದೆ ಸಮುದ್ರ ಬೇಕು. ಪದ್ಮರಾಜನ ಕಡೆ ಹೋದವರು ಮರಳಿ ಬರುತ್ತಿರಲಿಲ್ಲ. ನಾನು ತೀರ್ಮಾನಿಸಲಾರದೆ ಒದ್ದಾಡುವುದನ್ನು ನೋಡಿ ದೇವೀರಕ್ಕ ಒಂದು ದಿನ, "ಕಂಡೋರ ಫೋಟೋ ಇಟ್ಕೊಂಡ್ ನೋಡಿದ್ರೆ ನಂಗೆ ಗುಣ ಗೊತ್ತಾಗಲ್ಲ. ನಂದೇ ಒಂದು ತರ್ತೀನಿ, ಎರಡ್ರಲ್ಲೂ ಹಾಕು," ಎಂದರು.

ಮರುದಿನ ಸೆರಗಿನಡಿ ಕಟ್ಟು ಹಾಕಿದ ಒಂದು ಹಳೆಯ ಫೋಟೋ ತಂದರು. ಗಿರಣಿ ಶುರುವಾದ ದಿನ ತೆಗೆದ ಕಪ್ಪುಬಿಳುಪು ಫೋಟೋ. ಹೊಸ ಯಂತ್ರಕ್ಕೆ ಹೂವಿನ ಹಾರ, ಒಂದು ಪಕ್ಕ ಇಪ್ಪತ್ತು ದಾಟಿದ ವಯಸ್ಸಿನ ದೇವೀರಕ್ಕ, ಎರಡು ಜಡೆಯಷ್ಟು ದಪ್ಪದ ಒಂದೇ ಜಡೆಯನ್ನು ಮುಂದೆ ಇಳಿಬಿಟ್ಟು ನಿಂತಿದ್ದಾರೆ. ಇನ್ನೊಂದು ಪಕ್ಕ ಅವರ ಗಂಡ ಸಣ್ಣೀರಪ್ಪ, ಅಂದರೆ ಪಂಚೆ, ಅಂಗಿ, ಕೊರಳಪಟ್ಟಿ. ಅದರ ಮೇಲೆ ಬಿಳಿ ತೂತು. ಥಂಡಿಗೆ ಫೋಟೋ ಗಾಜಿಗೆ ಅಂಟಿಕೊಂಡಿದ್ದನ್ನು ಯಾವಾಗಲೋ ಬಿಡಿಸಲು ಹೋಗಿ, ಮುಖ ಗಾಜಿನ ಜೊತೆ ಬಂದುಬಿಟ್ಟಿತ್ತು.

"ಬೇರೆ ಫೋಟೋ ಇಲ್ವಾ?"

"ಫೋಟೋ ಅಂದ್ರೆ ಓಡೋಗೋರು. ಇದಕ್ಕೂ ಬೈದು ನಿಲ್ಲಿಸಿದ್ದು."

ಮೊದಲು ಸಣ್ಣ ಕಂಪನಿಯದರಲ್ಲಿ ಹಾಕಿದೆ. ಬಿರುಕುಗಳು ಕೂಡಿಕೊಂಡವು, ಹಾರದ ಹೂವು ಎಸಳೆಸಳಾಗಿ ಬಿಚ್ಚಿಕೊಂಡಿತು, ದೇವೀರಕ್ಕನ ಕಿವಿಯ ಬೆಂಡೋಲೆ ಹೊಳೆಯಿತು. ಕೊರಳಪಟ್ಟಿಯ ಮೇಲಿನ ತೂತು ತೂತಾಗಿಯೇ ಉಳಿಯಿತು. ಅವರು ತಮ್ಮ ಮುಖವನ್ನು ನೋಡಲೇ ಇಲ್ಲ. ಆ ತೂತನ್ನು ನೋಡುತ್ತ ಮೆಲ್ಲಗೆ, "ಒಂದ್ ಮಾತ್ ಹೇಳ್ತೀನಿ, ಯಾರ್ ಹತ್ರನೂ ಆಡ್ಬೇಡ. ನಂಗೆ ಅವ್ರ ಮುಖ ಮರ್ತೋಗಿದೆ," ಎಂದರು. "ದನಿ ಜ್ಞಾಪಕ ಇದೆ. ನಡಿಗೆ ಇದೆ. ಮುಖ ಅಂತ ಕಣ್ಮುಚ್ಚಿದ್ರೆ ಏನೂ ಬರಲ್ಲ. ಹೆಂಡ್ತಿಯಾದೋಳು ಮರೀಬೋದಾ ವಾರಿಜಾ?"

ನನಗೆ ಏನಾದರೂ ಮಾಡಬೇಕೆನಿಸಿತು. ಬಾಡಿಗೆಯದನ್ನು ತೆರೆದು, ಆ ತೂತಿನ ಸುತ್ತ ಗೆರೆ ಎಳೆದು, ತುಂಬು ಎಂದು ಒತ್ತಿದೆ. ಕ್ಷಣಹೊತ್ತು ಯೋಚಿಸಿ ಅದು ಮೂರು ಮುಖ ಮುಂದಿಟ್ಟಿತು. ಮೂರೂ ಚೆಲುವಾದ ಗಂಡಸಿನ ಮುಖ. ದೇವೀರಕ್ಕ ಎರಡನೆಯದರ ಮೇಲೆ ಬೆರಳಿಟ್ಟರು. "ಇವ್ರೇ."

ನಾನು ಆಗಲೇ ಹೇಳಬೇಕಿತ್ತು, ಇದು ಯಾರ ಮುಖವೂ ಅಲ್ಲ, ಲಕ್ಷಾಂತರ ಮುಖ ನೋಡಿದ ಯಂತ್ರ ಕಲಸಿ ಮಾಡಿದ್ದು ಎಂದು. ಹೇಳಲಿಲ್ಲ. ಅವರು ಪ್ರಿಂಟು ಕೇಳಿದರು, ಕೊಟ್ಟೆ. ಕಟ್ಟು ನಾನೇ ಹಾಕಿಸಿಕೊಟ್ಟೆ. ಮರುದಿನ ಗಿರಣಿಗೆ ಬಂದವರನ್ನೆಲ್ಲ ಒಳಗೆ ಕರೆದು ತೋರಿಸುತ್ತಿದ್ದರು. ಬೀದಿಯ ಈ ಕಡೆಯಿಂದ ನೋಡಿದರೆ ಕಟ್ಟಿನ ಮೇಲಿನ ಸೇವಂತಿಗೆ ಹಳದಿಯಾಗಿ ಕಾಣುತ್ತಿತ್ತು.

"ತೀರ್ಮಾನ ಆಯ್ತಲ್ಲ," ಎಂದರು ಮೂರನೆಯ ದಿನ. "ಬಾಡಿಗೇದೇ ತಗೊಳ್ಳೋಣ. ಗುಣ ಇರೋದು ಅದಕ್ಕೇ."

ನಾನು ತಲೆಯಾಡಿಸಿದೆ. ಮದುವೆಗಳಿವೆ, ಕೋಟಿನ ಹುಡುಗರಿದ್ದಾರೆ, ಇದು ನನಗೇ ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸೋಮವಾರ ಇಮ್ತಿಯಾಜ್ ಪುಟ ತೆರೆದುಕೊಟ್ಟ. ದೇವೀರಕ್ಕ ಕೈ ತೊಳೆದು ಬಂದು ಕುಳಿತು, "ವಾರಿಜಾಗೆ," ಎಂದು ಗಟ್ಟಿಯಾಗಿ ಹೇಳಿ ಬಟನ್ ಒತ್ತಿದರು.

ಮಂಗಳವಾರ ಬೆಳಿಗ್ಗೆ ಒಂದು ಮದುವೆಯ ಫೋಟೋ ತೆರೆದೆ. ಬೂದಿ ಬಣ್ಣ. ಇನ್ನೊಂದು ತೆರೆದೆ, ಅದೂ ಬೂದಿ. ಧಾರೆ ಸೀರೆ, ಬಾಸಿಂಗ, ಬಾಳೆಕಂಬ, ಎಲ್ಲದರ ಮೇಲೂ ಒಲೆಯ ಬೂದಿ ಎರಚಿದ ಹಾಗೆ. ಎಷ್ಟು ತಿದ್ದಿದರೂ ಬಣ್ಣ ಬರಲಿಲ್ಲ. ಇಮ್ತಿಯಾಜ್ ಬಂದು, ತೆಗೆದು ಮತ್ತೆ ಹಾಕಿ, ಇನ್ನೊಮ್ಮೆ ತೆಗೆದು ಹಾಕಿ, ಕೊನೆಗೆ ಕುರ್ಚಿ ಹಿಂದಕ್ಕೆ ಸರಿಸಿದ. ದೇವೀರಕ್ಕ ಬಾಗಿಲಲ್ಲಿ ನಿಂತಿದ್ದರು. ಅವನು ಅವರ ಕಡೆ ನೋಡದೆ ಕೇಳಿದ, "ಇದು ಯಾರಿಗೆ ಅಂತ ಕೊಂಡಿದ್ದು?"

ಅವನು ತಿಂಗಳ ಬಾಡಿಗೆ ರದ್ದು ಮಾಡಿಕೊಟ್ಟು, ಚೀಲ ಎತ್ತಿಕೊಂಡು ಹೋದ. ಒಳ್ಳೆಯವನು, ಹೊರಗೆ ಎಲ್ಲೂ ಬಾಯಿ ಬಿಡಲಿಲ್ಲ. ದೇವೀರಕ್ಕ ಮೆಟ್ಟಿಲ ಮೇಲೇ ಕುಸಿದು ಕೂತರು.

"ಬಾಯಲ್ಲಿ ನಿನ್ ಹೆಸರು ಹೇಳ್ದೆ. ಮನಸ್ನಲ್ಲಿ ಅವ್ರಿದ್ರು. ಹದಿನೆಂಟು ವರ್ಷದಲ್ಲಿ ಒಂದ್ ಉಪ್ಪಿನ ಪ್ಯಾಕೆಟ್ಟಿಗೂ ಹಿಂಗ್ ಮಾಡಿರ್ಲಿಲ್ಲ ಕಣೆ. ನನ್ನ ಕೈ ಕೆಟ್ಟೋಯ್ತು."

ಅವರು ತಪ್ಪೆಲ್ಲ ತಮ್ಮ ಮೇಲೆ ಎಳೆದುಕೊಳ್ಳುವುದನ್ನು ನೋಡಿಕೊಂಡು ಇನ್ನು ಸುಮ್ಮನಿರಲಾಗಲಿಲ್ಲ. ಪಕ್ಕದಲ್ಲಿ ಕೂತೆ. "ಕೆಟ್ಟಿದ್ದು ನಿಮ್ಮ ಕೈಯಲ್ಲ ದೇವೀರಕ್ಕ. ನಾನು ನಿಜ ಮುಚ್ಚಿಟ್ಟೆ. ಆ ಮುಖ ಅವರದಲ್ಲ. ಯಾರದೂ ಅಲ್ಲ. ಕಂಪ್ಯೂಟರು ಸುಮ್ಮನೆ ಬರೆದದ್ದು."

ಅವರ ಮುಖದ ಮೇಲಿದ್ದ ನಾಚಿಕೆ ಹೋಗಿ ಬೇರೇನೋ ಬಂತು. "ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

"ದಿನಾ ಹೂ ಇಟ್ಟಿದೀನಿ. ದೀಪ ಹಚ್ಚಿದೀನಿ. ಯಾವನಿಗೆ ಹಚ್ಚಿದೆ ನಾನು?" ದನಿ ಏರಲಿಲ್ಲ, ಅದೇ ಹೆಚ್ಚು ನೋಯಿಸಿತು. ಎದ್ದು ಬೀದಿ ದಾಟಿ ಹೋದರು. ಸಂಜೆಗೆ ಆ ಕಟ್ಟು ನನ್ನ ಸ್ಟುಡಿಯೋದ ಹೊಸ್ತಿಲ ಮೇಲೆ ಗಾಜು ಕೆಳಗಾಗಿ ಬಿದ್ದಿತ್ತು, ಹೂವಿಲ್ಲದೆ.

ಹೀಗೆ ನಮ್ಮಿಬ್ಬರ ಮಾತು ನಿಂತಿತು. ನನ್ನ ಡಬ್ಬಿಯಲ್ಲಿ ಅವಲಕ್ಕಿ ಇತ್ತು, ಮೂರು ಹೊತ್ತು ಅದನ್ನೇ ತಿಂದೆ. ಎರಡನೆಯ ದಿನ ಸಕ್ಕರೆ ಮುಗಿಯಿತು. ಮೂರನೆಯ ದಿನ ಲೆಕ್ಕ ಹಾಕಿ ನೋಡಿದರೆ ದೇವೀರಕ್ಕನ ಮಾತ್ರೆ ಅಂದಿಗೆ ಖಾಲಿ. ಜಗಳಕ್ಕೆ ಬಿ.ಪಿ. ಕಾಯುವುದಿಲ್ಲ. ಮೆಡಿಕಲ್ ಶಾಪಿಗೆ ಹೋದೆ. ಔಷಧಿಯವನು ಕೇಳಿದ, ಹೇಳಿದೆ, ಕೊಟ್ಟ. ಗಿರಣಿಯ ಕಿಟಕಿಯಲ್ಲಿಟ್ಟು ಹಿಂದೆ ನೋಡದೆ ಬಂದೆ. ಮರುದಿನ ಬೆಳಿಗ್ಗೆ ನನ್ನ ಬಾಗಿಲ ಚಿಲಕಕ್ಕೆ ಒಂದು ಚೀಲ ನೇತಾಡುತ್ತಿತ್ತು. ಹಾಲು, ಸಕ್ಕರೆ, ಮತ್ತು ನಾನು ಇಷ್ಟಪಡುವ ಎಳೆ ಬೆಂಡೆಕಾಯಿ, ತುದಿ ಮುರಿದು ನೋಡಿ ಆರಿಸಿದ್ದು. ಮಾತು ಮಾತ್ರ ಇರಲಿಲ್ಲ.

ಆ ಚೀಲ ನೋಡಿ ಅಳು ಬಂತು. ಕೂತು ಅತ್ತೆ. ಆಮೇಲೆ ಇನ್ನೂ ನನ್ನ ಬಳಿಯೇ ಉಳಿದಿದ್ದ ಅವರ ಮೂಲ ಫೋಟೋವನ್ನು ತೆಗೆದು, ಮೊದಲ ಸಲ ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಮಾಸಿದ ನೀಲಿ ಮುದ್ರೆಯಿತ್ತು. ಚಂದ್ರಪ್ರಭ ಸ್ಟುಡಿಯೋ.

ಪದ್ಮರಾಜನ ಮೆಟ್ಟಿಲು ನಾನು ಅಷ್ಟು ವರ್ಷದಲ್ಲಿ ಹತ್ತಿರಲಿಲ್ಲ. ಅವನು ಎಲ್ಲರನ್ನೂ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡುತ್ತಾನೆ ಎಂದು ನಾನು ಊರಿಗೆಲ್ಲ ಹೇಳಿದ್ದೆ, ಅದು ಅವನ ಕಿವಿಗೂ ಬಿದ್ದಿತ್ತು. ನನ್ನನ್ನು ನೋಡಿ ಗಾಬರಿಯಿಂದಲೇ ಎದ್ದು ನಿಂತ. ಫೋಟೋ ತೋರಿಸಿದೆ, ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಮುದ್ರೆಯ ಮೇಲೆ ಹೆಬ್ಬೆರಳು ಸವರಿದ. "ಅಪ್ಪಾಜಿ ತೆಗೆದಿದ್ದು ಇದು. ಅವ್ರು ನೆಗೆಟಿವ್ ಎಸೀತಿರ್ಲಿಲ್ಲ ಕಣ್ರೀ, ಎಸೆಯೋಕೆ ಬಿಡ್ತಿರ್ಲಿಲ್ಲ. ಅಟ್ಟದ ಮೇಲಿದೆ ಎಲ್ಲಾ."

ಬಿಸ್ಕತ್ತಿನ ತಗಡಿನ ಡಬ್ಬಿಗಳು, ನಲವತ್ತಕ್ಕೂ ಮೇಲೆ. ಅವನ ತಂದೆ ಜಿನ್ನಪ್ಪನವರ ಕೈಬರಹದಲ್ಲಿ ಒಂದೊಂದರ ಮೇಲೂ ವರ್ಷ ಬರೆದಿತ್ತು, ಆದರೆ ಗಿರಣಿ ಶುರುವಾದ ವರ್ಷ ನನಗೆ ಖಚಿತವಿರಲಿಲ್ಲ. ಎರಡು ದಿನ ಬೆಳಗಿನ ಹೊತ್ತು ಇಬ್ಬರೂ ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ನೋಡುತ್ತ ಕೂತೆವು. ನಡುನಡುವೆ ಅವನು ತನ್ನ ಸುಖದುಃಖ ಹೇಳಿದ. ಅವನ ಕೈ ಹೆಂಡತಿಯ ಅಣ್ಣ, ಪ್ರತಿ ತಿಂಗಳು ಬಾಡಿಗೆಯ ಬಟನ್ ಒತ್ತಲು ಬರುವ ಮೊದಲು ಎರಡು ದಿನ ಸತಾಯಿಸುತ್ತಾನಂತೆ. "ಆ ಎರಡು ದಿನ ನಾನು ಗಿರಾಕಿಗಳಿಗೆ ಜ್ವರ ಅಂತ ಸುಳ್ಳು ಹೇಳ್ತೀನಿ. ಬೆಳ್ಳಗೆ ಮಾಡೋದು ನಂಗೇನ್ ಇಷ್ಟಾನಾ? ಮಾಡ್ದಿದ್ರೆ ಫೋಟೋನೇ ಬಿಟ್ಟು ಹೋಗ್ತಾರೆ." ನಾನು ಅವನ ಬಗ್ಗೆ ಆಡಿದ್ದ ಮಾತಿಗೆ ಕ್ಷಮೆ ಕೇಳಿದೆ. ಅವನು ಮತ್ತೊಂದು ಡಬ್ಬಿ ನನ್ನ ಕಡೆ ತಳ್ಳಿದ.

ಎರಡನೆಯ ದಿನ ಸಿಕ್ಕಿತು. ಒಂದಲ್ಲ, ಎರಡು. ಮೊದಲನೆಯದು ಪ್ರಿಂಟು ಹಾಕಿದ್ದು, ಅದರ ಮೇಲೆ ಬೂಷ್ಟು ಹಿಡಿದು ಏನೂ ಉಳಿದಿರಲಿಲ್ಲ. ಎರಡನೆಯದು ಅದಾದ ಕ್ಷಣದ್ದು. ಫೋಟೋ ಮುಗಿಯಿತೆಂದು ಸಣ್ಣೀರಪ್ಪ ಯಂತ್ರದ ಬೆಲ್ಟಿನ ಕಡೆ ಅರ್ಧ ತಿರುಗಿದ್ದಾನೆ. ನೆಗೆಟಿವ್ ತುಂಬ ಗೀರು, ಧೂಳು. ಆದರೆ ಮುಖವಿತ್ತು. ಪದ್ಮರಾಜ ತನ್ನ ಯಂತ್ರದಲ್ಲೇ ಸ್ಕ್ಯಾನ್ ಮಾಡಿ ಕೊಟ್ಟ. "ಇಲ್ಲೇ ಸರಿ ಮಾಡಿಕೊಡ್ಲಾ?" ಎಂದು ಕೇಳಿದವನು ತಾನೇ ತಡೆದು, "ಬೇಡ, ನೀವೇ ಮಾಡಿ. ನಿಮ್ಮ ಕೈ ತಾನೇ ಅವ್ರು," ಎಂದ.

ಸರಿಮಾಡಲು ನನ್ನ ಬಳಿ ಸಾಫ್ಟ್‌ವೇರ್ ಇರಲಿಲ್ಲ. ಬಿಟ್ಟಿ ದಿನಗಳು ಮುಗಿದಿದ್ದವು. ದೇವೀರಕ್ಕನಿಗೆ ಈ ವಿಷಯ ಹೇಳಿ ಕೊಡಿಸಿ ಎಂದರೆ ಮತ್ತೆ ಅದೇ ಕಥೆ, ಅವರು ತಮಗಾಗಿ ಕೊಂಡಂತಾಗುತ್ತದೆ, ಮತ್ತೆ ಬೂದಿ. ಹೇಳದೆ ಕೊಡಿಸಿಕೊಂಡರೆ ಇನ್ನೊಮ್ಮೆ ಮುಚ್ಚಿಟ್ಟಂತೆ. ಬಸ್‌ಸ್ಟ್ಯಾಂಡಿನಿಂದ ಪೇಟೆ ಬೀದಿಗೆ ನಡೆದು ಬರುವಷ್ಟೂ ಹೊತ್ತು ಇದನ್ನೇ ತಿರುವಿ ಮುರುವಿ ನೋಡಿದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ಈ ಸಲ ಮುಚ್ಚಿಡುವುದಾದರೆ ಒಂದೇ ರಾತ್ರಿ, ಅದಕ್ಕೂ ನಾನೇ ಬಾಯಿಬಿಟ್ಟು ಕೇಳಿಕೊಂಡು.

ಗಿರಣಿಯ ಬಾಗಿಲಲ್ಲಿ ನಿಂತೆ. ಅವರು ಜರಡಿ ಒದರುತ್ತಿದ್ದರು. ತಲೆ ಎತ್ತಲಿಲ್ಲ. "ಬಿಸಿಲಲ್ಲಿ ಯಾಕ್ ನಿಂತಿದೀಯ, ಒಳಗ್ ಬಾ."

ಹೋದೆ. "ನನಗೆ ಸಾಫ್ಟ್‌ವೇರ್ ಬೇಕು ದೇವೀರಕ್ಕ. ಮದುವೆ ಫೋಟೋಗಳು ಬಾಕಿ ಇವೆ."

"ಯಾವ್ದು?"

"ನೀವೇ ಹೇಳಿ."

ಜರಡಿ ಕೆಳಗಿಟ್ಟರು. "ಇಲ್ಲದ್ದನ್ನ ತರೋದು ಬೇಡ. ಇರೋದನ್ನ ಸರಿ ಮಾಡಿದ್ರೆ ಸಾಕು. ಒಂದ್ಸಲ ಕೊಂಡ್ರೆ ಮುಗೀತು ಅಂದ್ಯಲ್ಲ, ಅದು. ನಾನ್ ಹೋದ್ಮೇಲೂ ನಿನ್ ಹತ್ರ ಇರತ್ತೆ." ಮತ್ತೆ ಕೇಳಿದರು, "ಆ ಹುಡುಗ್ರಿಗೆ ಕೋಟು?"

"ಒಂದು ನಿಜವಾದ ಕೋಟು ಸ್ಟುಡಿಯೋದಲ್ಲಿ ತೂಗುಹಾಕ್ತೀನಿ. ಹಾಕ್ಕೊಂಡು ನಿಲ್ಲಲಿ."

"ಅದನ್ನೂ ಕೊಡಿಸ್ತೀನಿ. ಕಪ್ಪುದಾ, ನೀಲಿದಾ?" ಎಂದವರ ಮುಖದಲ್ಲಿ ವಾರದ ನಂತರ ಒಂದು ಗೆರೆ ಸಡಿಲವಾಯಿತು. ಆಮೇಲೆ ಮತ್ತೆ ಗಂಭೀರರಾಗಿ, "ಇದ್ರಲ್ಲಿ ನನ್ ಪಾಲು ಏನೂ ಇಲ್ಲ ತಾನೇ? ಇದ್ರೆ ಈಗ್ಲೇ ಹೇಳು. ಇನ್ನೊಂದ್ಸಲ ಕೈ ಕೆಡಿಸ್ಕೊಳ್ಳೋಕೆ ನನ್ ಕೈಲಾಗಲ್ಲ."

"ನಾಳೆ ಒಂದು ಮಾತು ಹೇಳೋದಿದೆ," ಎಂದೆ. "ಇವತ್ತು ಕೇಳ್ಬೇಡಿ. ಇದು ನನಗೆ ಬೇಕು, ನಿಜವಾಗಿ ನನಗೇ ಬೇಕು."

ಅವರು ನನ್ನ ಕಣ್ಣನ್ನೇ ನೋಡಿದರು. ಅಷ್ಟು ಹೊತ್ತು ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ. "ಸರಿ," ಎಂದು ಕೈ ತೊಳೆಯಲು ಎದ್ದರು. ಬಟನ್ ಒತ್ತುವಾಗ ಈ ಸಲ ಗಟ್ಟಿಯಾಗಿ ಹೇಳಲಿಲ್ಲ, ಮಾಮೂಲಿಯಾಗಿ, ಬೆಂಡೆಕಾಯಿ ಕೊಳ್ಳುವಾಗ ಹೇಳುವ ಹಾಗೆ ನನ್ನ ಹೆಸರು ಹೇಳಿದರು.

ಬೆಳಿಗ್ಗೆ ಎದ್ದವಳು ಮುಖ ತೊಳೆಯುವ ಮೊದಲು ಸ್ಟುಡಿಯೋ ತೆರೆದೆ. ಒಂದು ಮದುವೆಯ ಫೋಟೋ ತೆರೆದೆ. ಧಾರೆ ಸೀರೆ ಕೆಂಪಗಿತ್ತು. ಹತ್ತು ಫೋಟೋ ತೆರೆದೆ, ಹತ್ತೂ ತಮ್ಮ ತಮ್ಮ ಬಣ್ಣದಲ್ಲಿದ್ದವು. ಮಧ್ಯಾಹ್ನ ಗಿರಣಿ ನಿಲ್ಲುವವರೆಗೆ ಹೇಗೆ ಕಾದೆನೋ ನನಗೇ ತಿಳಿಯದು. ದೇವೀರಕ್ಕ ಬಂದು ಅದೇ ಕುರ್ಚಿಯಲ್ಲಿ ಕೂತು, "ಅದೇನ್ ಮಾತು ಹೇಳು ಈಗ," ಎಂದರು. ಪದ್ಮರಾಜನ ಅಟ್ಟ, ಡಬ್ಬಿಗಳು, ನೆಗೆಟಿವ್, ಎಲ್ಲ ಹೇಳಿದೆ. ಅವರು ಸೆರಗಿನಿಂದ ಕನ್ನಡಕ ಒರೆಸಿ ಹಾಕಿಕೊಂಡರು.

ತೆರೆದೆ.

"ಇದ್ಯಾರು?" ಎಂದರು.

ತೆರೆಯ ಮೇಲೆ ಇಪ್ಪತ್ತೆಂಟು ಮೂವತ್ತರ ಒಬ್ಬ ಸಣ್ಣ ಆಳು. ಕಿವಿ ಅಗಲ, ಗಲ್ಲ ಒಳಕ್ಕೆ, ಬಿಸಿಲಿಗೋ ಏನೋ ಒಂದು ಕಣ್ಣು ಚಿಕ್ಕದು ಮಾಡಿದ್ದಾನೆ. ಕಂಪ್ಯೂಟರು ಕೊಟ್ಟ ಚೆಲುವನ ಮುಂದೆ ಏನೂ ಅಲ್ಲ. ದೇವೀರಕ್ಕ ನೋಡಿಯೇ ನೋಡಿದರು. "ಇಷ್ಟು ಚಿಕ್ಕೋರಾಗಿದ್ರಾ?" ಎಂದರು, ನನ್ನನ್ನಲ್ಲ. "ನಂಗೊಬ್ಬ ಮಗ ಇದ್ದಿದ್ರೆ ಅವನ ವಯಸ್ಸು ಕಣೆ ಇದು. ನಾನೇನೋ ದೊಡ್ಡ ಗಂಡಸು ಅಂತ..." ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಂತಿರಲಿಲ್ಲ.

ನಾನು ಕೆಲಸಕ್ಕೆ ಕೈ ಹಚ್ಚಿದೆ. ಗೀರುಗಳನ್ನು ಮುಚ್ಚಿದೆ. ಹಾರದ ಸುತ್ತ ಇದ್ದ ಬಿಳಿ ಚುಕ್ಕೆಗಳನ್ನು ಒಂದೊಂದಾಗಿ ತೆಗೆದೆ. ನೆಗೆಟಿವ್ ಮೇಲೆ ಧೂಳು ಕೂತರೆ ಫೋಟೋದಲ್ಲಿ ಹಾಗೆ ಬೆಳ್ಳಗೆ ಬೀಳುತ್ತದೆ, ದಿನಾ ನೋಡುವಂಥದ್ದೇ. ಭುಜದ ಮೇಲೊಂದು ತೆಗೆದೆ. ಹುಬ್ಬಿನ ಮೇಲೆ ಹತ್ತಿಪ್ಪತ್ತು ಚುಕ್ಕೆ ಗುಂಪಾಗಿದ್ದವು. ಅಲ್ಲಿಗೆ ಬ್ರಷ್ ಒಯ್ದೆ.

ದೇವೀರಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿ ನೋವಾಯಿತು.

"ಬಿಡು ಅದನ್ನ. ಅದು ಧೂಳಲ್ಲ."

"ಮತ್ತೆ?"

"ಹಿಟ್ಟು." ನನ್ನ ಮಣಿಕಟ್ಟು ಬಿಡದೆ ಹೇಳಿದರು, "ಪೂಜೆಗೆ ಮುಂಚೆ ಯಾರೂ ಬೀಸ್ಬಾರ್ದು ಅಂದಿದ್ರು ಅಯ್ನೋರು. ಇವ್ರು ಬೆಳಿಗ್ಗೆ ಕದ್ದು ಬಂದು ಒಂದ್ ಸೇರು ಜೋಳ ಹಾಕಿ ನೋಡಿದಾರೆ. ಬಂದಾಗ ಹುಬ್ಬೆಲ್ಲ ಬೆಳ್ಳಗೆ. ತೊಳ್ಕೊಳ್ರೀ, ಎಲ್ರಿಗೂ ಗೊತ್ತಾಗತ್ತೆ ಅಂದೆ. ಗೊತ್ತಾಗ್ಲಿ ಬಿಡು, ಹಿಟ್ಟು ರೇಷ್ಮೆ ಥರ ಬಂತು ಅಂದ್ರು. ಹಿಂಗೇ, ಹಿಂಗೇ ಒಂದ್ ಕಣ್ಣು ಚಿಕ್ಕದ್ ಮಾಡ್ಕೊಂಡು..."

ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಮೌಸಿನಿಂದ ಕೈ ತೆಗೆದೆ. ಅವರು ಅಳು ಮುಗಿಸುವವರೆಗೆ ಕೂತಿದ್ದೆ. ಆಮೇಲೆ ಕಣ್ಣೊರೆಸಿಕೊಂಡು ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡು, "ಮುಖ ದೊಡ್ಡದು ಮಾಡು," ಎಂದರು. ಮಾಡಿದೆ. ಕಿವಿಯ ಬಳಿಯ ಒಂದು ಚುಕ್ಕೆಯ ಮೇಲೆ ಬಾಣ ತಂದು ನಿಲ್ಲಿಸಿದೆ.

"ಇದು?"

ಬಗ್ಗಿ ನೋಡಿದರು. "ಧೂಳು. ತೆಗಿ."

"ಇದು?"

"ಹಿಟ್ಟು. ಇರ್ಲಿ."

"ಮೀಸೆ ಮೇಲಿನದು?"

"ಹಿಟ್ಟೇ ಕಣೆ, ಕಾಣಲ್ವಾ ನಿಂಗೆ?" ಎಂದು ಗದರಿದರು. ಎದುರಿಗೆ ತ್ರೀ ಫೇಸ್ ಕರೆಂಟು ಬಂದ ದೀಪ ಹತ್ತಿತು. ಗಿರಣಿಯ ಮುಂದೆ ಚೀಲ ಹಿಡಿದ ಜನ ನಿಂತು ಕೂಗುತ್ತಿದ್ದರು. ದೇವೀರಕ್ಕ ತೆರೆಯಿಂದ ಕಣ್ಣು ತೆಗೆಯದೆ, ಬಂದೆ ಎಂಬಂತೆ ಕೈ ಎತ್ತಿ ತೋರಿಸಿದರು, ಆದರೆ ಏಳಲಿಲ್ಲ.